ಎಲೆತೋಟದ ಅಗಸೆ

"ತಪ್ಪಾಯ್ತು ಅತ್ತೆ" ಎಂದು ಚಂದ್ರಮತಿ ಕಂಬಕ್ಕೆ ಹೇಳಿದಳು.

ದೊಡ್ಡಮಲ್ಲಮ್ಮ ಕಂಬದ ಹತ್ತಿರ ಇರಲಿಲ್ಲ. ಸೊಸೆಯ ಎಡಗಡೆಗೆ, ಕೊಟ್ಟಿಗೆಯ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಇಬ್ಬರ ನಡುವೆ ಹಾಲಿನ ಚೆಂಬು ಉರುಳಿ ಬಿದ್ದಿತ್ತು. ಅಷ್ಟಗಲ ಮಲಗಿದ್ದ ಕರುವನ್ನು ಎಡವಿ ಹುಡುಗಿ ಗೋಡೆ ಹಿಡಿದು ನಿಂತಿದ್ದೇ ದೊಡ್ಡದು; ಸಾಯಂಕಾಲ ಕರೆದ ಹಾಲೆಲ್ಲ ಮಣ್ಣುಪಾಲಾಗಿತ್ತು. ಹೊತ್ತು ಮುಳುಗಿದ್ದರೂ ಪಡುವಣದ ಕೆಂಪು ಇನ್ನೂ ಆರಿರಲಿಲ್ಲ. ಎದುರಿಗಿದ್ದವರ ಮುಖ ಕಾಣುವಷ್ಟು ಬೆಳಕು ಧಾರಾಳವಾಗಿತ್ತು.

"ಕಣ್ಣೇನು ನೆತ್ತಿಗೆ ಓಗಿದ್ದಾವಾ ಅಮ್ಮಿ? ಅಷ್ಟು ದೊಡ್ಡ ಕರ ಕಾಣ್ನಿಲ್ವಾ ನಿಂಗೆ?" ಎಂದು ಗದರಿದ್ದಕ್ಕೆ ಬಂದ ಉತ್ತರ ಅದು. ಇನ್ನೂ ನಾಲ್ಕು ಮಾತು ಆಡಬೇಕೆಂದು ಬಾಯಿ ತೆರೆದ ದೊಡ್ಡಮಲ್ಲಮ್ಮ ಹಾಗೇ ನಿಂತುಬಿಟ್ಟಳು. ಸೊಸೆ ತಲೆ ಬಗ್ಗಿಸಿಕೊಂಡು ಬೈಗುಳಕ್ಕೆ ಕಾಯುತ್ತಿದ್ದಳು, ಕಂಬದ ಎದುರಿಗೆ.

ಬೇಗೂರಿಗೆ ಎರಡು ಮೈಲಿ ದೂರದ ಆ ಊರಿನಲ್ಲಿ ಶಂಭುಲಿಂಗಪ್ಪನವರ ಮನೆಯೆಂದರೆ ಎಲೆತೋಟದ ಮನೆ. ಬಾವಿಯ ಕೆಳಗೆ ಮುಕ್ಕಾಲು ಎಕರೆ ವೀಳ್ಯದೆಲೆ, ಬಳ್ಳಿ ಹಬ್ಬಲು ಸಾಲು ಸಾಲಾಗಿ ನೆಟ್ಟ ಅಗಸೆ ಮರಗಳು. ಯಜಮಾನರು ಹೊರಗಿನದನ್ನು ನೋಡಿಕೊಂಡರೆ, ಒಳಗಿನದೆಲ್ಲ ಅವರ ಹೆಂಡತಿ ದೊಡ್ಡಮಲ್ಲಮ್ಮನ ಮಾತಿನಂತೆ ನಡೆಯಬೇಕು. ಒಬ್ಬನೇ ಮಗ ಶಾಂತಮಲ್ಲಪ್ಪ. ಚಂದಕವಾಡಿಯಿಂದ ಚಂದ್ರಮತಿಯನ್ನು ತಂದು ಎರಡು ವರ್ಷವಾಗಿತ್ತು. ಈಗ ಅವಳಿಗೆ ಆರು ತಿಂಗಳು.

ಬಸುರು ನಿಂತಿತೆಂದು ತಿಳಿದ ದಿನದಿಂದ ದೊಡ್ಡಮಲ್ಲಮ್ಮ ಸೊಸೆಯ ಊಟವನ್ನು ತನ್ನ ಕೈಗೆ ತೆಗೆದುಕೊಂಡಿದ್ದಳು. ಸೊಪ್ಪು ಕೂಡದು, ಪರಂಗಿಹಣ್ಣು ಕೂಡದು, ಕುಂಬಳ ಕೂಡದು. ಮುದ್ದೆ, ಅನ್ನ, ತಿಳಿಸಾರು. ಇದು ಹಟವಲ್ಲ, ಹೆದರಿಕೆ. ಶಾಂತಮಲ್ಲಪ್ಪ ಹುಟ್ಟುವ ಮುಂಚೆ ಅವಳಿಗೆ ಎರಡು ಬಸುರು ಇಳಿದುಹೋಗಿದ್ದವು. ಎರಡನೆಯದು ಹೋದಾಗ ಅವಳ ಅತ್ತೆ ಮಂಚದ ಪಕ್ಕ ಬಂದು ನಿಂತು, "ನುಗ್ಗೆಸೊಪ್ಪು ಬ್ಯಾಡ ಅಂದೆ, ಬಾಯಿಚಪಲಕ್ಕೆ ತಿಂದೆ. ನೀನೇ ತಿಂದ್ಕಂಡೆ ಮೊಗೀನ" ಎಂದಿದ್ದಳು. ಮೂರನೆಯ ಸಲ ದೊಡ್ಡಮಲ್ಲಮ್ಮ ಒಂದೆಲೆ ಸೊಪ್ಪು ಮುಟ್ಟಲಿಲ್ಲ. ಮಗ ಉಳಿದ. ಅತ್ತೆ ತೀರಿಕೊಂಡು ಎಷ್ಟೋ ವರ್ಷವಾಗಿದ್ದರೂ ಆ ಮಾತು ಮಾತ್ರ ಮನೆಯಲ್ಲೇ ಉಳಿದಿತ್ತು.

ಮಾರನೆಯ ದಿನ ಸಂಜೆ ದೊಡ್ಡಮಲ್ಲಮ್ಮ ಸದ್ದಿಲ್ಲದೆ ನಡುಮನೆಯ ಮಧ್ಯದಲ್ಲಿ ಬಂದು ನಿಂತಳು. ಸೊಸೆ ಹಿತ್ತಲಿನಿಂದ ಒಳಗೆ ಬಂದಳು. ಒಂದು ಕೈ ಗೋಡೆಯ ಮೇಲೆ, ತುಟಿ ಅಲ್ಲಾಡುತ್ತಿತ್ತು. ಕಿವಿಗೊಟ್ಟು ಕೇಳಿದರೆ ಲೆಕ್ಕ. "ಐದು, ಆರು, ಏಳು…" ಎಂಟಕ್ಕೆ ಅಡುಗೆಮನೆಯ ಹೊಸ್ತಿಲು ಸಿಗಬೇಕಿತ್ತೇನೋ. ಎಂಟಕ್ಕೆ ಸಿಕ್ಕಿದ್ದು ಅತ್ತೆ.

ಎದೆಗೆ ಎದೆ ತಾಗಿದ ಕೂಡಲೆ ಹುಡುಗಿ ಚೀರಿದಳು. ದೊಡ್ಡಮಲ್ಲಮ್ಮ ಅವಳ ರಟ್ಟೆ ಹಿಡಿದು ನಿಲ್ಲಿಸಿದಳು.

"ಎಷ್ಟು ದಿನ ಆಯ್ತು?"

ಚಂದ್ರಮತಿ ಕುಸಿದು ಕೂತಳು. "ತಿಂಗ್ಳಾಯ್ತು ಅತ್ತೆ. ಹಗಲೊತ್ತು ಎಲ್ಲಾ ಕಾಣ್ತದೆ. ಹೊತ್ತು ಮುಳುಗುದ್ರೆ ಕಣ್ಣಿಗೆ ಬಟ್ಟೆ ಕಟ್ದಂಗಾಯ್ತದೆ."

"ಶಾಂತನಿಗೆ ಗೊತ್ತಾ?"

"ಇಲ್ಲ."

"ನಮ್ಗೂ ಯಾಕೆ ಏಳ್ನಿಲ್ಲ?"

"ಕಣ್ಣಿಲ್ದೋಳ ತಂದು ಕಟ್ಟುದ್ರು ಅಂತೀರಿ ಅಂತ" ಎಂದು ಸೆರಗು ಬಾಯಿಗೆ ತುರುಕಿಕೊಂಡಳು.

ನಿಜ ಹೇಳಬೇಕೆಂದರೆ ದೊಡ್ಡಮಲ್ಲಮ್ಮನ ಮನಸ್ಸಿಗೆ ಮೊದಲು ಬಂದದ್ದು ಅದೇ. ಚಂದಕವಾಡಿಯವರು ಮುಚ್ಚಿಟ್ಟು ಮದುವೆ ಮಾಡಿದರು. ನಾಳೆಯೇ ಗಾಡಿ ಕಟ್ಟಿಸಿ ತೌರಿಗೆ ಕಳಿಸಿಬಿಡಬೇಕು. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು. ಹೊಟ್ಟೆಯಲ್ಲಿರುವುದಕ್ಕೂ ಹೀಗೇ ಆದರೆ? ಆ ಯೋಚನೆ ಬಂದ ಮೇಲೆ ಸಿಟ್ಟು ತಾನಾಗಿಯೇ ಇಳಿದುಹೋಯಿತು. ಊಟಕ್ಕೆ ಕೂತಾಗ ಗಂಡನಿಗೂ ಮಗನಿಗೂ ಹೇಳಿದಳು. ಶಂಭುಲಿಂಗಪ್ಪನವರು, "ಬೀಗರಿಗೆ ಒಂದು ಮಾತು ಹೇಳಿ ಕಳಿಸನ" ಎಂದರು. ಯಾವತ್ತೂ ತಂದೆಯ ಎದುರು ತುಟಿ ಬಿಚ್ಚದ ಶಾಂತಮಲ್ಲಪ್ಪ ಮುದ್ದೆಯ ತಟ್ಟೆಯಿಂದ ತಲೆಯೆತ್ತಿ, "ಮೊದ್ಲು ಆಸ್ಪತ್ರೆ. ಬೀಗ್ರು ಆಮೇಲೆ" ಎಂದ.

ಅತ್ತೆ ಸೊಸೆ ಇಬ್ಬರೇ ಹೊರಟರು. ಗುಂಡ್ಲುಪೇಟೆಗೆ ಬೇಗೂರಿನಿಂದ ಊಟಿ ಬಸ್ಸು. ಯುದ್ಧಕಾಲದ ಇದ್ದಿಲ ಹೊಗೆಯ ಬಸ್ಸುಗಳು ಹೋಗಿ ಪೆಟ್ರೋಲಿನವು ಬಂದಮೇಲೆ ದಾರಿ ಅರ್ಧ ತಾಸಿನದಾಗಿತ್ತು. ಡಾಕ್ಟರು ವಯಸ್ಸಾದವರು. ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿದರು. ನಾಲಿಗೆ ನೋಡಿದರು. ಆಮೇಲೆ ಚಂದ್ರಮತಿಯನ್ನು ಬಿಟ್ಟು ದೊಡ್ಡಮಲ್ಲಮ್ಮನ ಕಡೆ ತಿರುಗಿದರು.

"ಏನು ಊಟ ಕೊಡ್ತೀರಿ ಇವರಿಗೆ?"

"ಮುದ್ದೆ, ಅನ್ನ, ತಿಳಿಸಾರು ಸ್ವಾಮಿ."

"ಸೊಪ್ಪು?"

"ಬಸುರಿ ಎಂಗಸ್ಗೆ ಸೊಪ್ಪು ಇಕ್ಕಾರಾ ಸ್ವಾಮಿ?" ಎಂದಳು ದೊಡ್ಡಮಲ್ಲಮ್ಮ, ಇಷ್ಟು ಓದಿದವರಿಗೆ ಇಷ್ಟೂ ಗೊತ್ತಿಲ್ಲವಲ್ಲ ಎಂಬ ದನಿಯಲ್ಲಿ.

"ಹಾಲು, ಬೆಣ್ಣೆ?"

"ಹಾಲು ಬೇಗೂರ ಹೋಟ್ಲಿಗೆ ಓಯ್ತದೆ" ಎಂದಳು. ಈ ಸಲ ದನಿ ಸ್ವಲ್ಪ ತಗ್ಗಿತ್ತು. ಮರುಕ್ಷಣವೇ ಏರಿಸಿಕೊಂಡು, "ಇದು ತೌರಿಂದ ಬಂದದ್ದಾ ಸ್ವಾಮಿ? ಅದೊಂದು ಏಳ್ಬುಡಿ" ಎಂದಳು.

"ತೌರಿಂದ ಅಲ್ಲಮ್ಮ. ನಿಮ್ಮ ಅಡುಗೆಮನೆಯಿಂದ ಬಂದದ್ದು."

ಇದು ಇರುಳುಗುರುಡು, ಹುಟ್ಟಿನಿಂದ ಬಂದದ್ದಲ್ಲ, ಊಟದ ಕೊರತೆಯಿಂದ ಬಸುರಿಯರಿಗೆ ಬರುತ್ತದೆ ಎಂದು ಬಿಡಿಸಿ ಹೇಳಿದರು. ಬೀರುವಿನಿಂದ ಒಂದು ಸೀಸೆ ತೆಗೆದು ಮೇಜಿನ ಮೇಲಿಟ್ಟರು. "ದಿನಕ್ಕೊಂದು ಚಮಚ. ಬೇಗ ಗುಣ ಆಗುತ್ತೆ. ಮೀನೆಣ್ಣೆ."

ದೊಡ್ಡಮಲ್ಲಮ್ಮನ ಕೈ ಎದೆಯ ಮೇಲಿನ ಲಿಂಗದ ಕರಡಿಗೆಗೆ ಹೋಯಿತು. "ನಾವು ಲಿಂಗ ಕಟ್ದೋರು ಸ್ವಾಮಿ."

"ಗೊತ್ತು. ಔಷಧಿ ಅಂತ ತಿಳ್ಕೊಳ್ಳಿ. ಆಗೋದೇ ಇಲ್ಲ ಅಂದ್ರೆ ಸೊಪ್ಪು ತಿನ್ನಿಸಿ, ದಿನಾ, ಹೊಟ್ಟೆ ತುಂಬ. ನಿಧಾನ ಆಗುತ್ತೆ, ಆದ್ರೆ ಆಗುತ್ತೆ. ಎರಡೂ ಇಲ್ಲ ಅಂತ ಕೂತರೆ ಹಗಲಲ್ಲೂ ಕಾಣದ ಹಾಗಾದೀತು." ಸೀಸೆಗೆ ಕಾಗದ ಸುತ್ತಿ ಅವಳ ಕೈಗೇ ಕೊಟ್ಟರು.

ಬಸ್ಸಿನಲ್ಲಿ ದೊಡ್ಡಮಲ್ಲಮ್ಮ ಸೀಸೆಯನ್ನು ಮೈಗೆ ತಾಗದಂತೆ ಹಿಡಿದು ಕೂತಳು. ಕಾಗದದೊಳಗಿಂದ ಒಂದು ಕೆಟ್ಟ ನಾತ ಬರುತ್ತಿದೆಯೆಂದು ಅವಳಿಗೆ ಅನ್ನಿಸುತ್ತಿತ್ತು; ಮುಚ್ಚಳ ಬಿಗಿಯಾಗಿಯೇ ಇತ್ತು. ಒಂದು ಕೈಯಲ್ಲಿ ಮೀನು, ಇನ್ನೊಂದು ಕೈಯಲ್ಲಿ ಸೊಪ್ಪು. ಒಂದು ಕುಲ ಕೆಡಿಸುತ್ತದೆ, ಇನ್ನೊಂದು ಕೂಸನ್ನೇ ತೆಗೆಯುತ್ತದೆ.

"ಅತ್ತೆ" ಎಂದಳು ಚಂದ್ರಮತಿ, ಕಿಟಕಿಯ ಕಡೆ ನೋಡುತ್ತ. "ನೀವು ಕುಡಿ ಅಂದ್ರೆ ಕುಡೀತೀನಿ. ಬ್ಯಾಡ ಅಂದ್ರೆ ಇಲ್ಲ."

"ಎಲ್ಲಾನೂ ನನ್ನ ತಲೆ ಮ್ಯಾಲೇ ಆಕ್ಬುಡು" ಎಂದು ದೊಡ್ಡಮಲ್ಲಮ್ಮ ಸಿಡುಕಿದಳು. ಸ್ವಲ್ಪ ಹೊತ್ತಿನ ಮೇಲೆ ಸೊಸೆಯ ಸೆರಗು ಗಾಳಿಗೆ ಹಾರುತ್ತಿದ್ದುದನ್ನು ಹಿಡಿದು ಅವಳ ಸೊಂಟಕ್ಕೆ ಸಿಕ್ಕಿಸಿದಳು.

ಸೀಸೆಯನ್ನು ಮನೆಯೊಳಗೆ ತರಲಿಲ್ಲ. ಎಲೆತೋಟದ ಬಾವಿಗೆ ಹೋಗಿ, ಕಟ್ಟೆಯ ಕಲ್ಲುಸಂದಿಯೊಳಗೆ ತಳ್ಳಿ, ಕೈ ತೊಳೆದು ಬಂದಳು. ಬೆಳಗಾದ ಕೂಡಲೇ ಅದು ಅಲ್ಲೇ ಇದೆಯೋ ಇಲ್ಲವೋ ಎಂದು ನೋಡಲು ಹೋದಳು. ಇದ್ದರೆ ಸಂಕಟ, ಇಲ್ಲದಿದ್ದರೂ ಸಂಕಟ.

ತೋಟದಲ್ಲಿ ಆಗಲೇ ಕೆಲಸ ನಡೆದಿತ್ತು. ಬಳ್ಳಿಗೆ ಬಿಸಿಲು ಬೀಳಲೆಂದು ಅಗಸೆ ಮರಗಳ ನೆತ್ತಿ ಕಡಿಯುತ್ತಿದ್ದರು. ಆಳು ಮೂಗಮ್ಮ ಕೆಳಗೆ ಬಿದ್ದ ಕೊಂಬೆಗಳಿಂದ ಸೊಪ್ಪು ಹಿಸಿದು ಮಡಿಲಿಗೆ ತುಂಬಿಕೊಳ್ಳುತ್ತಿದ್ದಳು. ಅಗಸೆ ಸೊಪ್ಪು ಅವಳ ಆಡುಗಳಿಗೂ ಆಗುತ್ತಿತ್ತು, ಮನೆಯವರಿಗೂ ಆಗುತ್ತಿತ್ತು. ಮರದ ತುಂಬ ಹೂ, ಗಿಣಿಯ ಕೊಕ್ಕಿನಂತೆ ಬಾಗಿದ ಬಿಳಿಯ ಹೂ. ಶಂಭುಲಿಂಗಪ್ಪನವರ ತೋಟದಲ್ಲಿ ಮೂವತ್ತು ವರ್ಷದಿಂದ ಈ ಮರಗಳಿದ್ದವು; ಅವುಗಳ ಒಂದು ಎಲೆಯೂ ಅವರ ಒಲೆ ಹತ್ತಿರ ಹೋಗಿರಲಿಲ್ಲ. ಅದು ಆಳುಗಳ ಸೊಪ್ಪು.

"ಏನವ್ವೋರೆ, ಇಷ್ಟೊತ್ತಿಗೇ ಬಾವಿ ತಾವ?" ಎಂದಳು ಮೂಗಮ್ಮ. ಇಬ್ಬರದೂ ಒಂದೇ ವಯಸ್ಸು. ಒಂದೇ ವರ್ಷ ಈ ಊರಿಗೆ ಸೊಸೆಯರಾಗಿ ಬಂದವರು.

"ಏನಿಲ್ಲ. ನಮ್ಮ ಸೊಸೆಗೆ ವಸಿ…"

"ಇರುಳ್ಗಣ್ಣು" ಎಂದು ಮೂಗಮ್ಮನೇ ಮುಗಿಸಿದಳು.

"ನಿಂಗ್ಯಾರೇಳುದ್ರು?"

"ಯಾರೇಳ್ಬೇಕು? ಬೈಗ್ನಲ್ಲಿ ಎಲೆಕಟ್ಟು ಈಸ್ಕಳಕ್ಕೆ ಬಂದಾಗ ಬರೀ ಗಾಳಿಗೆ ಕೈ ಚಾಚ್ತಿತ್ತು ಮೊಗ. ತಿಂಗ್ಳಿಂದ ನೋಡ್ತಿವ್ನಿ."

"ತಿಂಗ್ಳಿಂದ! ನಂಗೊಂದು ಮಾತು ಏಳ್ಬಾರ್ದಾ?"

"ಏಳಿದ್ರೆ ನೀವು ಕೇಳ್ತಿದ್ರಾ ಅವ್ವೋರೆ?" ಎಂದಳು ಮೂಗಮ್ಮ, ಕೈಯ ಕೆಲಸ ನಿಲ್ಲಿಸದೆ. "ನಂಗೂ ಬಂದಿತ್ತು, ನಾಕ್ನೇ ಬಸ್ರೀಲಿ. ಸಂಜೆ ಆದ್ರೆ ಒಲೆ ಎಲ್ಲದೆ, ಗಂಡ ಎಲ್ಲವ್ನೆ ಗೊತ್ತಾಯ್ತಿರ್ನಿಲ್ಲ. ನಮ್ಮತ್ತೆ ಈ ಸೊಪ್ಪನ್ನೇ ದಿನಾ ಬೇಯ್ಸಿ ಇಕ್ಕುದ್ಲು. ಎಲ್ಡು ವಾರಕ್ಕೆ ಎಲ್ಲಾ ನೆಟ್ಗಾಯ್ತು."

"ಬಸ್ರು?" ಎಂದಳು ದೊಡ್ಡಮಲ್ಲಮ್ಮ. "ಆ ಬಸ್ರು ಏನಾಯ್ತು?"

ಮೂಗಮ್ಮ ಗಲ್ಲ ಎತ್ತಿ ಮೇಲೆ ತೋರಿಸಿದಳು. "ಅಗೋ, ಮಚ್ಚು ಇಡ್ಕಂಡು ಮರದ ಮ್ಯಾಲೆ ಕುಂತದಲ್ಲ, ಅದೇ ಆ ಬಸ್ರು."

ಮೇಲೆ ಕವಲಿನಲ್ಲಿ ಕಾಲು ಚೆಲ್ಲಿ ಕೂತಿದ್ದ ಚಿಕ್ಕಣ್ಣ ಇಪ್ಪತ್ತೈದು ವರ್ಷದ ಗಂಡಸು. ಅವನ ಭಾರಕ್ಕೆ ಕೊಂಬೆ ಬಾಗಿತ್ತು. ತನ್ನ ಮಾತು ಬಂತೆಂದು ಕೆಳಗೆ ನೋಡಿ ಹಲ್ಲು ಬಿಟ್ಟ. ದೊಡ್ಡಮಲ್ಲಮ್ಮ ಕುತ್ತಿಗೆ ನೋಯುವವರೆಗೂ ಅವನನ್ನೇ ನೋಡಿದಳು.

"ನಾನು ನುಗ್ಗೆಸೊಪ್ಪು ತಿಂದಿದ್ದೆ ಮೂಗಿ" ಎಂದಳು ಕೊನೆಗೆ. ಈ ಮಾತನ್ನು ಅವಳು ಗಂಡನ ಹತ್ತಿರವೂ ಆಡಿದವಳಲ್ಲ. "ಅದ್ಕೇ ಓಯ್ತು ಅಂದ್ರು."

ಮೂಗಮ್ಮನ ಕೈ ಆಗ ನಿಂತಿತು. "ನಂಗೂ ಒಂದು ಓಯ್ತು ಅವ್ವೋರೆ. ಬರದ ವರ್ಷ. ಆವಾಗ ತಿನ್ನಕ್ಕೆ ಸೊಪ್ಪೂ ಇರ್ನಿಲ್ಲ" ಎಂದಳು. "ಉಳಿಯವು ಉಳೀತವೆ, ಓಗವು ಓಯ್ತವೆ. ಸೊಪ್ಪೇನ್ಮಾಡದು ಪಾಪ?"

ದೊಡ್ಡಮಲ್ಲಮ್ಮ ಬಾವಿಯ ಕಟ್ಟೆಯ ಮೇಲೆ ಕೂತಳು. ಇಪ್ಪತ್ತೆಂಟು ವರ್ಷ. ಬೀದಿಯಲ್ಲಿ ನುಗ್ಗೆಸೊಪ್ಪು ಮಾರುವವರು ಬಂದರೆ ಒಳಗೆ ಹೋಗಿಬಿಡುತ್ತಿದ್ದಳು. ಹಿತ್ತಲಲ್ಲಿದ್ದ ನುಗ್ಗೆ ಮರವನ್ನು ಹಟ ಹಿಡಿದು ಕಡಿಸಿದ್ದಳು. ಮೇಲಿಂದ ಕೊಂಬೆಯೊಂದು ಸರಸರ ಸದ್ದು ಮಾಡುತ್ತ ಬಿತ್ತು. ಅವಳು ಎದ್ದು, ಮೂಗಮ್ಮನ ಎದುರಿಗೆ ಸೆರಗು ಹಿಡಿದಳು.

"ಇಕ್ಕು. ಎಂಗೆ ಬೇಯ್ಸೋದು ಅಂತ ಏಳ್ಕೊಡು."

ಮೂಗಮ್ಮ ಅಡುಗೆಮನೆಗೆ ಬರುವಂತಿರಲಿಲ್ಲ. ಹಿತ್ತಲ ಗೋಡೆಯ ಆಚೆ ನಿಂತು ಕೂಗಿ ಹೇಳಿದಳು. ದೊಡ್ಡಮಲ್ಲಮ್ಮ ಒಳಗಿನಿಂದ ಕೂಗಿ ಕೇಳಿದಳು. ಕಡ್ಡಿ ಬೇರೆ ಮಾಡಿ ಎಲೆ ಮಾತ್ರ ಬಿಡಿಸಬೇಕು. ಹುರುಳಿಕಾಳು ಬೆಂದ ಮೇಲೆ ಸೊಪ್ಪು ಹಾಕಬೇಕು. ಬೆಂದ ನೀರನ್ನು, ಉಪ್ಸಾರಿನ ಕಟ್ಟನ್ನು, ಚೆಲ್ಲಬಾರದು. ಹೂವಾದರೆ ನಡುವಿನ ಕಡ್ಡಿ ಕೀಳಬೇಕು, ಕಹಿಯೆಲ್ಲ ಅದರಲ್ಲೇ. ಇಬ್ಬರೂ ಕೂಗಾಡುವುದನ್ನು ಕೇಳಿ ಪಕ್ಕದ ಮನೆಯವರು ಜಗಳವೆಂದು ಇಣುಕಿ ನೋಡಿ ಹೋದರು.

ಮೊದಲ ದಿನ ದೊಡ್ಡಮಲ್ಲಮ್ಮ ತಾನೇ ಒಂದು ಬಟ್ಟಲು ತಿಂದಳು. ಬಸುರಿಗೆ ಏನಾಗುತ್ತದೆಂದು ಬಸುರಿಲ್ಲದ ತಾನು ತಿಂದು ತಿಳಿಯುವುದೇನೆಂದು ಅವಳಿಗೂ ಹೊಳೆಯದಿರಲಿಲ್ಲ. ಆದರೂ ತಿಂದು ಒಂದು ದಿನ ಕಾದಳು. ಎರಡನೆಯ ದಿನ ಚಂದ್ರಮತಿಯ ತಟ್ಟೆಗೆ ಬಡಿಸಿದಳು. ಹುಡುಗಿ ಕಹಿಗೆ ಮುಖ ಕಿವುಚಿದರೂ ತಟ್ಟೆ ಬರಿದು ಮಾಡಿದಳು. ಹೂವಿನ ಪಲ್ಯವನ್ನು ಮಾತ್ರ ಇನ್ನೊಂದು ಸಲ ಕೇಳಿ ಹಾಕಿಸಿಕೊಂಡಳು. ಹೋಟೆಲಿಗೆ ಹೋಗುತ್ತಿದ್ದ ಹಾಲಿನಲ್ಲಿ ಒಂದು ಲೋಟ ಮನೆಯಲ್ಲೇ ನಿಲ್ಲತೊಡಗಿತು. ಬರುವ ಸೋಮವಾರ ಕಳೆದು ಇನ್ನೊಂದು ಸೋಮವಾರದವರೆಗೆ ನೋಡುವುದು. ಅಷ್ಟರಲ್ಲಿ ಆಗದಿದ್ದರೆ ಸೀಸೆ ತೆಗೆಯುವುದು, ಪಾಪ ಬಂದರೆ ತನಗೆ ಬರಲಿ ಎಂದು ದೊಡ್ಡಮಲ್ಲಮ್ಮ ಪೂಜೆಯ ಹೊತ್ತಿನಲ್ಲಿ ಅಂಗೈಯ ಲಿಂಗಕ್ಕೆ ಹೇಳಿಕೊಂಡಳು.

ನಾಲ್ಕನೆಯ ದಿನ ಮಧ್ಯಾಹ್ನ ಚಂದ್ರಮತಿ ಹೊಟ್ಟೆ ಹಿಡಿದುಕೊಂಡು ಬಾಗಿದಳು.

"ಏನಮ್ಮಿ?"

"ಹಿಂಡ್ದಂಗಾಯ್ತದೆ ಅತ್ತೆ."

ದೊಡ್ಡಮಲ್ಲಮ್ಮನಿಗೆ ಸತ್ತ ಅತ್ತೆ ಮಂಚದ ಪಕ್ಕ ಬಂದು ನಿಂತಂತಾಯಿತು. ಹುಡುಗಿಯನ್ನು ಮಲಗಿಸಿ, ಓಂಕಾಳು ಕುದಿಸಿ ಕುಡಿಸಿ, ಹರಳೆಣ್ಣೆ ಬೆಚ್ಚಗೆ ಮಾಡಿ ಹೊಟ್ಟೆಗೆ ಸವರಿ, ಬಟ್ಟೆಯನ್ನು ಮತ್ತೆ ಮತ್ತೆ ನೋಡಿದಳು. ರಕ್ತವಿರಲಿಲ್ಲ. ಗಳಿಗೆ ಕಳೆಯಿತು. ಚಂದ್ರಮತಿ ದೊಡ್ಡದಾಗಿ ತೇಗಿ, ನಾಚಿಕೊಂಡು, "ಈಗ ಓಯ್ತು" ಎಂದಳು. ಹುರುಳಿಯ ವಾಯು. ಹಾಗೇ ನಿದ್ದೆ ಹೋದಳು. ದೊಡ್ಡಮಲ್ಲಮ್ಮ ಕೈ ತೆಗೆಯಲಿಲ್ಲ. ಅಂಗೈಯ ಕೆಳಗೆ ಕೂಸು ಒಂದು ಸಲ ಒದ್ದಿತು, ತಡೆದು ಇನ್ನೊಂದು ಸಲ ಒದ್ದಿತು. ಮುದುಕಿ ಕೂತಲ್ಲೇ ಅತ್ತಳು, ಸದ್ದಾಗದಂತೆ.

ಹನ್ನೊಂದನೆಯ ದಿನ. ಹೊತ್ತು ಮುಳುಗಿತ್ತು. ದೊಡ್ಡಮಲ್ಲಮ್ಮ ಜಗಲಿಯ ಒಂದು ತುದಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಸೊಸೆ ಇನ್ನೊಂದು ತುದಿಯಲ್ಲಿ ಸುಮ್ಮನೆ ಕೂತಿದ್ದಳು. ಈ ಹೊತ್ತಿನಲ್ಲಿ ಅವಳು ಕೂತಲ್ಲಿಂದ ಏಳಬಾರದೆಂದು ಕಟ್ಟಪ್ಪಣೆಯಾಗಿತ್ತು.

"ಅತ್ತೆ, ಆಡು!" ಎಂದಳು ಚಂದ್ರಮತಿ.

"ಎಲ್ಲಿ?"

"ಕಣದಲ್ಲಿ. ಒಣಗಾಕಿದ್ದ ಹುರುಳಿಗೆ ಬಾಯಿ ಆಕ್ತಾ ಅದೆ. ಮೂಗಮ್ಮನದು, ಕಿವಿ ಸೀಳಿರೋ ಕರೀದು."

ದೊಡ್ಡಮಲ್ಲಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. ಕಣ ಮೂವತ್ತು ಮಾರು ದೂರ. ಅವಳಿಗೆ ಮಸುಕಿನಲ್ಲಿ ಏನೋ ಅಲ್ಲಾಡಿದ್ದು ಕಂಡಿತೇ ಹೊರತು ಆಡೋ ಕರುವೋ ತಿಳಿಯಲಿಲ್ಲ. "ಕರೀದಾ?" ಎಂದಳು. "ಕಿವಿ ಸೀಳಿರೋದಾ?" ಎಂದಳು. ಆಮೇಲೆ ಮೊರ ಮಗುಚಿ, ಅವರೆಕಾಳೆಲ್ಲ ಚೆಲ್ಲಿ, ಎದ್ದು ನಿಂತಳು. ಚಂದ್ರಮತಿಗೂ ಅಷ್ಟು ಹೊತ್ತಿಗೆ ಗೊತ್ತಾಗಿತ್ತು. ಬಾಯಿಯ ಮೇಲೆ ಕೈಯಿಟ್ಟುಕೊಂಡು ಕಣವನ್ನೂ ಅತ್ತೆಯನ್ನೂ ಮತ್ತೆ ಕಣವನ್ನೂ ನೋಡಿದಳು.

"ಇದೆಷ್ಟು?" ಎಂದು ದೊಡ್ಡಮಲ್ಲಮ್ಮ ಬೆರಳು ಹಿಡಿದಳು.

"ಮೂರು."

"ಇದು?"

"ಅತ್ತೆ, ಮುಷ್ಟಿ ಮಾಡಿದೀರಿ" ಎಂದು ಹುಡುಗಿ ಅಳುತ್ತಲೇ ನಕ್ಕಳು.

ಗದ್ದಲ ಕೇಳಿ ಶಾಂತಮಲ್ಲಪ್ಪ ಕೊಟ್ಟಿಗೆಯಿಂದ ಓಡಿಬಂದ. ವಿಷಯ ತಿಳಿದು, ಕಣಕ್ಕೆ ಓಡಿ ಆಡನ್ನು ಅಟ್ಟಿಬಂದ. ಏದುಸಿರು ಬಿಡುತ್ತ, "ಹಂಗಾರೆ ಆ ಸೀಸೆ ಅವ್ವ?" ಎಂದ.

"ನಾಳೀಕೆ ಗುಂಡ್ಲುಪೇಟೆಗೆ ಓಗಿ ಡಾಕುಟ್ರಿಗೆ ವಾಪಸ್ ಕೊಟ್ಬುಟ್ಟು ಬಾ. ಬೇಕಾದೋರ್ಗೆ ಆಯ್ತದೆ" ಎಂದಳು ದೊಡ್ಡಮಲ್ಲಮ್ಮ. "ಮೂಗಮ್ಮನ್ನ ಬಯ್ಯಬ್ಯಾಡ, ಆಡು ತಿಂದದ್ದು ತಿಂದ್ಕಳ್ಳಿ."

ಅವನು ಒಳಗೆ ಹೋದ. ಅತ್ತೆ ಸೊಸೆ ಇಬ್ಬರೂ ಬಗ್ಗಿ ಚೆಲ್ಲಿದ ಕಾಳು ಆರಿಸಿದರು. ಸಂದಿಗಳಲ್ಲಿ ಉರುಳಿದ್ದನ್ನೆಲ್ಲ ಚಂದ್ರಮತಿಯೇ ಹುಡುಕಿ ತೆಗೆದಳು. ಆಮೇಲೆ ಒಳಗೆ ಹೋಗುವ ಹೊತ್ತಾದರೂ ಹುಡುಗಿ ಏಳಲಿಲ್ಲ. "ವಸಿ ಹೊತ್ತು ಇಲ್ಲೇ ಇರನ ಅತ್ತೆ" ಎಂದಳು. ದೊಡ್ಡಮಲ್ಲಮ್ಮ ಅವಳ ಪಕ್ಕಕ್ಕೇ ಸರಿದು ಗೋಡೆಗೆ ಒರಗಿ ಕಾಲು ಚಾಚಿಕೊಂಡಳು.

ದಕ್ಷಿಣಕ್ಕೆ, ಹೊಲಗಳ ಆಚೆ, ಬಲು ದೂರದಲ್ಲಿ ಗೋಪಾಲಸ್ವಾಮಿ ಬೆಟ್ಟದ ನೆತ್ತಿ ಆಕಾಶಕ್ಕೆ ಅಂಟಿಕೊಂಡಿತ್ತು. ಮೊದಲು ನೀಲಿ, ಆಮೇಲೆ ಬೂದಿ, ಆಮೇಲೆ ಬರಿಯ ಒಂದು ಗೆರೆ. ದೊಡ್ಡಮಲ್ಲಮ್ಮನಿಗೆ ಅದು ಕಾಣದಾಗಿ ಎಷ್ಟೋ ಹೊತ್ತಾಗಿತ್ತು. ಚಂದ್ರಮತಿ ಇನ್ನೂ ನೋಡುತ್ತಲೇ ಇದ್ದಳು.